ಎಲ್ಲರ ಹೃದಯ ಕಾಯುವ ಕಾಕಾ ಅವರಿಗೆ ಒಂದು ಬಹಿರಂಗ ಪತ್ರ

ಕಾಕಾ,

ಈ ಪತ್ರವನ್ನು ಮನೆಗೆ ಬಂದು ನಿಮ್ಮ ಕೈಗೇ ಕೊಡಬಹುದಿತ್ತು. ಮನೆಯ ಮಾತನ್ನು ಬೀದಿಗೆ ತಂದಳು ಎಂದು ಕಾಕು ಬೇಸರ ಮಾಡಿಕೊಳ್ಳುತ್ತಾಳೆ ಎಂದೂ ಗೊತ್ತು. ಆದರೆ ಬೆಳ್ಳುಳ್ಳಿಯ ಮಾತನ್ನು ನೀವು ಹೇಳುತ್ತಿರುವುದು ನಮ್ಮೊಬ್ಬರ ಮನೆಗಲ್ಲ. ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪು, ನಿವೃತ್ತ ಶಿಕ್ಷಕರ ಗುಂಪು, ಓಣಿಯ ಭಜನಾ ಮಂಡಳಿಯ ಗುಂಪು, ನಿಮ್ಮ ಕೈಯಲ್ಲಿ ಗಣಿತ ಕಲಿತು ಈಗ ಪುಣೆ, ಬೆಂಗಳೂರು, ದುಬೈಗಳಲ್ಲಿರುವ ಹಳೆಯ ವಿದ್ಯಾರ್ಥಿಗಳ ಗುಂಪು, ಎಲ್ಲದಕ್ಕೂ ಒಂದೇ ಸಂದೇಶ ಹೋಗುತ್ತದೆ: ಬರಿಹೊಟ್ಟೆಯಲ್ಲಿ ಹಸಿ ಬೆಳ್ಳುಳ್ಳಿ ನುಂಗಿ, ಹೃದಯಾಘಾತ ಹತ್ತಿರ ಸುಳಿಯುವುದಿಲ್ಲ. ನಾಲ್ಕು ಜನರಿಗೆ ಹೇಳಿದ ಮಾತಿಗೆ ಉತ್ತರವೂ ನಾಲ್ಕು ಜನರೆದುರಿಗೇ ಇರಬೇಕು. ನಿಮ್ಮ ಹೆಸರನ್ನೂ ಊರನ್ನೂ ನಾನು ಬರೆಯುವುದಿಲ್ಲ. ನಿಮ್ಮಂಥ ಕಾಕಾಗಳು ಪ್ರತಿ ಓಣಿಯಲ್ಲೂ ಇದ್ದಾರೆ.

ನೀವು ಇದನ್ನು ಪ್ರೀತಿಯಿಂದ ಮಾಡುತ್ತೀರಿ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ಇಡೀ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. 2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ದಿನವೂ ಬರತೊಡಗಿದಾಗ ಮತ್ತೆ ಅದೇ ಭಯ. ಭಯ ಬಂದವನ ಕೈಗೆ ಏನಾದರೊಂದು ಬೇಕು. ನಿಮ್ಮ ಕೈಗೆ ಸಿಕ್ಕಿದ್ದು ಅಡುಗೆಮನೆಯ ಬುಟ್ಟಿಯಲ್ಲಿದ್ದ ಬೆಳ್ಳುಳ್ಳಿ. ಅದನ್ನೇ ಎಲ್ಲರಿಗೂ ಹಂಚಿದಿರಿ. ಯಾರಿಗೂ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಹೀಗೆ ಊರಿನ ಎಲ್ಲರ ಹೃದಯವನ್ನೂ ನೋಡಿಕೊಂಡ ನೀವು ನಿಮ್ಮದೊಂದನ್ನು ಮಾತ್ರ ಬಿಟ್ಟಿರಿ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನನ್ನ ಔಷಧ ಅಂಗಡಿಗೆ ಹೋದ ಸಂತೆಯ ದಿನ ನೀವು ಚೀಟಿ ಕಳಿಸಿದ್ದಿರಿ. ಸ್ಟೆಂಟ್ ಹಾಕಿದ ಮೇಲೆ ಹೃದ್ರೋಗ ತಜ್ಞರು ಬರೆದುಕೊಟ್ಟ ಅದೇ ಚೀಟಿ. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಸೆಲ್ಲೋಟೇಪ್ ಅಂಟಿಸಿದ್ದು. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಬಿಪಿ ಗುಳಿಗೆ. ನಾಲ್ಕನೆಯ ಸಾಲು ಅಟೊರ್ವಾಸ್ಟಾಟಿನ್. ಅದರ ಮೇಲೆ ಸೀಸದಕಡ್ಡಿಯಿಂದ ಅಡಿಪಟ್ಟಿ ಇಟ್ಟು ಎಳೆದಂಥ ನೇರ ಗೆರೆ, ಪಕ್ಕದಲ್ಲಿ ನಿಮ್ಮ ದುಂಡು ಅಕ್ಷರದಲ್ಲಿ ‘ಬಳ್ಳೊಳ್ಳಿ’. ನಮ್ಮ ಉತ್ತರಪತ್ರಿಕೆಯಲ್ಲಿ ತಪ್ಪು ಲೆಕ್ಕವನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿ ಉತ್ತರ ಬರೆಯುತ್ತಿದ್ದ ಕೈಯೇ ಅದು. ಲೆಕ್ಕ ಮುಗಿದ ಮೇಲೆ ತಾಳೆ ನೋಡದೆ ಪಾಟಿ ಕೆಳಗಿಡಬಾರದು ಎಂದು ಕಲಿಸಿದವರು ನೀವು. ಈ ಒಂದು ಲೆಕ್ಕವನ್ನು ನಿಮ್ಮೆದುರಿಗೇ ತಾಳೆ ನೋಡಲು ಅಪ್ಪಣೆ ಕೊಡಿ.

ಮೊದಲು ಬೆಳ್ಳುಳ್ಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಅದು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ಮದ್ದಲ್ಲ. ಕಾಶ್ಯಪ ಸಂಹಿತೆಯಲ್ಲಿ ಲಶುನಕಲ್ಪವೆಂದು ಅದಕ್ಕೇ ಒಂದು ಅಧ್ಯಾಯವಿದೆ. ಮಧ್ಯ ಏಷ್ಯಾದ ಕುಚಾದಲ್ಲಿ 1890ರಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಕೈಗೆ ಭೂರ್ಜಪತ್ರದ ಮೇಲೆ ಬರೆದ ಹಳೆಯ ಸಂಸ್ಕೃತ ಹಸ್ತಪ್ರತಿಯೊಂದು ಸಿಕ್ಕಿತು. ಅದರ ಮೊದಲ ಭಾಗದ ವಿಷಯವೇ ಬೆಳ್ಳುಳ್ಳಿ. ನಮ್ಮ ವೈದ್ಯರು ಸಾವಿರದೈನೂರು ವರ್ಷಗಳ ಹಿಂದೆಯೇ ಇದನ್ನು ಇಷ್ಟು ಗೌರವದಿಂದ ಬರೆದಿಟ್ಟರೆಂಬುದು ನನಗೂ ಹೆಮ್ಮೆಯ ವಿಷಯ.

ಈ ಕಾಲದವರೂ ಅದನ್ನು ಕಡೆಗಣಿಸಲಿಲ್ಲ. 1944ರಲ್ಲಿ ಅಮೆರಿಕದ ಕವಾಲಿಟೊ ಮತ್ತು ಬೇಯ್ಲಿ ಎಂಬ ರಸಾಯನಶಾಸ್ತ್ರಜ್ಞರು ಬೆಳ್ಳುಳ್ಳಿಯಿಂದ ಅಲಿಸಿನ್ ಎಂಬ ಗಂಧಕದ ಸಂಯುಕ್ತವನ್ನು ಬೇರ್ಪಡಿಸಿದರು. ಜಜ್ಜಿದ ಬೆಳ್ಳುಳ್ಳಿಯ ಘಾಟು ಬರುವುದು ಅದರಿಂದಲೇ. ನಮ್ಮ ದೇಶದಲ್ಲೇ, ಉದಯಪುರದ ವೈದ್ಯಕೀಯ ಕಾಲೇಜಿನ ಅರುಣ್ ಬೋರ್ಡಿಯಾ ಮತ್ತು ಅವರ ಸಂಗಡಿಗರು 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಕೊಬ್ಬು ತುಂಬಿದ ಊಟದ ಜೊತೆ ಬೆಳ್ಳುಳ್ಳಿಯ ಸಾರ ಕೊಟ್ಟರೆ ರಕ್ತದಲ್ಲಿ ಕೊಬ್ಬು ಅಷ್ಟಾಗಿ ಏರುವುದಿಲ್ಲ ಎಂದು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಬೆಳ್ಳುಳ್ಳಿಯತ್ತ ತಿರುಗಿದ್ದು ಅದರ ನಂತರ. 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ತೋರಿಸಿದರು. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳನ್ನು ನಮ್ಮ ಕೆಂಪು ರಕ್ತಕಣಗಳು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ, ಆ ಅನಿಲ ರಕ್ತನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ. ಬೆಳ್ಳುಳ್ಳಿ ಬಿಪಿ ಇಳಿಸುತ್ತದೆ ಎಂಬ ಮಾತಿಗೆ ಇಷ್ಟು ಆಧಾರ ಇದ್ದೇ ಇದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರೊಂದಿಗೂ ನಾನು ವಾದ ಮಾಡಿದ್ದೇನೆ.

ಪ್ರಶ್ನೆ ಇರುವುದು ಎಷ್ಟು ಇಳಿಸುತ್ತದೆ ಎಂಬುದರಲ್ಲಿ. ನೀವು ಗಣಿತದ ಮಾಸ್ತರರು, ಅಳತೆಯಿಲ್ಲದ ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಆಸ್ಟ್ರೇಲಿಯಾದ ಕರಿನ್ ರೀಡ್ ಎಂಬ ಸಂಶೋಧಕಿ ಬೆಳ್ಳುಳ್ಳಿಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ್ದಾರೆ. ಬಿಪಿ ಹೆಚ್ಚಿರುವವರಲ್ಲಿ ಮೇಲಿನ ಸಂಖ್ಯೆ ಸುಮಾರು 8ರಷ್ಟು ಇಳಿಯುತ್ತದೆ. ಕೊಲೆಸ್ಟ್ರಾಲ್ 200ಕ್ಕಿಂತ ಹೆಚ್ಚಿದ್ದು, ಎರಡು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ 9 ಅಂಕಗಳಷ್ಟು ಇಳಿಯುತ್ತದೆ. ಬೆಳ್ಳುಳ್ಳಿಯ ಪರವಾಗಿರುವ ಲೆಕ್ಕವಿದು. ಅದರಲ್ಲೂ ಹೆಚ್ಚಿನ ಪ್ರಯೋಗಗಳು ಚಿಕ್ಕವು. ಅಲ್ಲಿ ಕೊಟ್ಟದ್ದು ಅಳತೆ ಮಾಡಿ ತಯಾರಿಸಿದ ಪುಡಿಯನ್ನೋ ಸಾರವನ್ನೋ. ಬುಟ್ಟಿಯಿಂದ ಎತ್ತಿಕೊಂಡ ಎಸಳನ್ನಲ್ಲ.

ಎಸಳನ್ನೇ ಕೊಟ್ಟು ನೋಡಿದವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚಿದ್ದ 192 ಜನ. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿ, ಎರಡು ಗುಂಪಿಗೆ ಎರಡು ಬಗೆಯ ಬೆಳ್ಳುಳ್ಳಿ ಗುಳಿಗೆ, ಇನ್ನೊಂದಕ್ಕೆ ಏನೂ ಇಲ್ಲದ ಸುಳ್ಳು ಗುಳಿಗೆ. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ, ಸ್ಯಾಂಡ್‌ವಿಚ್‌ನಲ್ಲಿಟ್ಟು, ದಿನಕ್ಕೊಂದು ಎಸಳಿನ ಲೆಕ್ಕದಲ್ಲಿ, ವಾರಕ್ಕೆ ಆರು ದಿನ, ಆರು ತಿಂಗಳು ತಿನ್ನಿಸಿದರು. ಪ್ರತಿ ತಿಂಗಳೂ ರಕ್ತ ಪರೀಕ್ಷೆ ಮಾಡಿದರು. ನಾಲ್ಕು ಗುಂಪಿನ ಕೊಲೆಸ್ಟ್ರಾಲೂ ಇದ್ದಲ್ಲೇ ಇತ್ತು. ಬೆಳ್ಳುಳ್ಳಿಯ ಬಗ್ಗೆ ಅಷ್ಟು ಶಿಸ್ತಿನಿಂದ ನಡೆದ ಪ್ರಯೋಗಗಳು ಹೆಚ್ಚಿಲ್ಲ. ಫಲಿತಾಂಶ ಓದಿದಾಗ ನನಗೂ ಒಂದಿಷ್ಟು ನಿರಾಸೆಯೇ ಆಯಿತು.

ಈಗ ನೀವು ಗೀಟು ಹಾಕಿದ ಸಾಲಿನ ಕಡೆ ಬರೋಣ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಗುಳಿಗೆ. ಸ್ಟಾಟಿನ್ ಗುಳಿಗೆಯನ್ನೂ ಬೆಳ್ಳುಳ್ಳಿಯನ್ನೂ ಒಂದೇ ಪ್ರಯೋಗದಲ್ಲಿ ಕೊಟ್ಟು ನೋಡಿದ್ದು 2022ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಸುಮಾರು 190 ಜನ, 28 ದಿನ. ರೊಸುವಾಸ್ಟಾಟಿನ್ 5 ಮಿಲಿಗ್ರಾಂ, ಅಂದರೆ ತೀರಾ ಕಡಿಮೆ ಪ್ರಮಾಣ, ತೆಗೆದುಕೊಂಡವರ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಶೇಕಡಾ 38ರಷ್ಟು ಇಳಿಯಿತು. ಬೆಳ್ಳುಳ್ಳಿ, ಅರಿಸಿನ, ದಾಲ್ಚಿನ್ನಿ, ಮೀನೆಣ್ಣೆಯ ಗುಂಪುಗಳಲ್ಲಿ ಸುಳ್ಳು ಗುಳಿಗೆಗಿಂತ ಹೆಚ್ಚಿನ ಇಳಿತವೇನೂ ಕಾಣಲಿಲ್ಲ.

ಕೊಲೆಸ್ಟ್ರಾಲ್ ಇಳಿಯುವುದು ಕಾಗದದ ಮೇಲಿನ ಅಂಕಿ, ಆಯುಷ್ಯದ ಮಾತು ಹೇಳು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಯುರೋಪಿನ ದೇಶಗಳಲ್ಲಿ ಹೃದಯದ ಕಾಯಿಲೆ ಇದ್ದ 4,444 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಪ್ರಯೋಗ 1994ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಸಿಮ್ವಾಸ್ಟಾಟಿನ್, ಅರ್ಧ ಜನಕ್ಕೆ ಸುಳ್ಳು ಗುಳಿಗೆ. ಸುಳ್ಳು ಗುಳಿಗೆಯ ಗುಂಪಿನಲ್ಲಿ 256 ಜನ ತೀರಿಕೊಂಡರು. ಸಿಮ್ವಾಸ್ಟಾಟಿನ್ ಗುಂಪಿನಲ್ಲಿ 182. ಕಳೆಯಿರಿ ಕಾಕಾ. 74 ಜನ. ಆ 74 ಜನರ ಮನೆಯಲ್ಲಿ ಇನ್ನಷ್ಟು ಹಬ್ಬಗಳು ಅವರೊಂದಿಗೇ ಕಳೆದವು. ಬೆಳ್ಳುಳ್ಳಿಯ ಬಗ್ಗೆ ಇಂಥದೊಂದು ಲೆಕ್ಕ ಇದೆಯೇ? ಇಲ್ಲ. ಬಿಪಿ ಇರುವವರಲ್ಲಿ ಬೆಳ್ಳುಳ್ಳಿ ಸಾವನ್ನು, ಹೃದಯಾಘಾತವನ್ನು ತಡೆಯುತ್ತದೆಯೇ ಎಂದು 2012ರಲ್ಲಿ ಕೊಕ್ರೇನ್ ಸಂಸ್ಥೆಯವರು ಹುಡುಕಿ ನೋಡಿದರು. ಹಾಗೆ ಹೇಳಲು ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ.

‘ಅದು ಕೆಮಿಕಲ್, ಇದು ನಿಸರ್ಗ’ ಎಂಬುದು ನಿಮ್ಮ ಸಂದೇಶದ ಕೊನೆಯ ಸಾಲು. ಸ್ಟಾಟಿನ್ ಹುಟ್ಟಿದ್ದು ಎಲ್ಲಿ ಗೊತ್ತೇ? ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ ಎಂಬ ರೈತ ಕುಟುಂಬದ ವಿಜ್ಞಾನಿ 1970ರ ದಶಕದ ಮೊದಲಲ್ಲಿ ಸುಮಾರು ಆರು ಸಾವಿರ ಬಗೆಯ ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟೊಂದರಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನೇ ತಡೆಯುವ ವಸ್ತು ಸಿಕ್ಕಿತು. ಅದೇ ಜಾತಿಯ ಮೊದಲ ಗುಳಿಗೆ 1987ರಲ್ಲಿ ಮಾರಾಟಕ್ಕೆ ಬಂತು. ನಿಸರ್ಗದಿಂದ ಬಂದದ್ದಕ್ಕೆ ಗೌರವ ಕೊಡುವುದಾದರೆ ಎಂಡೊ ಅವರ ಬೂಷ್ಟಿಗೂ ಅಷ್ಟೇ ಗೌರವ ಸಲ್ಲಬೇಕು.

ಇನ್ನು ನೀವು ಗುಂಪುಗಳಿಗೆ ಕಳಿಸುವ ಕಷಾಯದ ಮಾತು. ಒಂದು ಬಟ್ಟಲು ಬೆಳ್ಳುಳ್ಳಿ ರಸ, ಒಂದು ಬಟ್ಟಲು ಶುಂಠಿ ರಸ, ಒಂದು ಬಟ್ಟಲು ನಿಂಬೆ ರಸ, ಒಂದು ಬಟ್ಟಲು ಸೇಬಿನ ವಿನೆಗರ್. ನಾಲ್ಕು ಬಟ್ಟಲು ಮೂರಾಗುವ ತನಕ ಕುದಿಸಿ, ಆರಿದ ಮೇಲೆ ಮೂರು ಬಟ್ಟಲು ಜೇನು ಬೆರೆಸುವುದು. ದಿನಕ್ಕೊಂದು ಚಮಚ ಕುಡಿದರೆ ಬ್ಲಾಕೇಜ್ ಕರಗುತ್ತದೆ, ಆಪರೇಷನ್ನೇ ಬೇಡ ಎಂಬುದು ಸಂದೇಶ. ಕಾಕಾ, ರಕ್ತನಾಳದಲ್ಲಿ ಕೊಬ್ಬು ಕೂರುವುದು ಬಚ್ಚಲ ಕೊಳವೆಯಲ್ಲಿ ಜಿಡ್ಡು ಕಟ್ಟಿದ ಹಾಗಲ್ಲ, ಹುಳಿ ಹಾಕಿ ತಿಕ್ಕಿ ತೆಗೆಯುವುದಕ್ಕೆ. ಅದು ನಾಳದ ಗೋಡೆಯ ಒಳಪದರದ ಹಿಂದೆ, ಗೋಡೆಯೊಳಗೇ, ಹತ್ತಾರು ವರ್ಷ ಬೆಳೆಯುತ್ತದೆ. ಎಷ್ಟೋ ಸಲ ನಾಳ ಪೂರ್ತಿ ಮುಚ್ಚುವ ಮೊದಲೇ ಆ ಉಬ್ಬು ಒಡೆಯುತ್ತದೆ, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹರಿವು ನಿಲ್ಲುತ್ತದೆ. ಹೃದಯಾಘಾತ ಅಂದರೆ ಬಹುಪಾಲು ಇದೇ. ಕುಡಿದ ನಿಂಬೆಯ ಹುಳಿ ರಕ್ತಕ್ಕೆ ಹುಳಿಯಾಗಿಯೇ ಹೋಗುವುದಿಲ್ಲ. ರಕ್ತದ ಹುಳಿಕ್ಷಾರದ ಮಟ್ಟವನ್ನು ಶರೀರ 7.4ರ ಆಸುಪಾಸಿನಲ್ಲೇ ಬಿಗಿಯಾಗಿ ಹಿಡಿದಿಡುತ್ತದೆ. ಸ್ಟಾಟಿನ್ ಮಾಡುವ ದೊಡ್ಡ ಕೆಲಸವೆಂದರೆ ಆ ಉಬ್ಬನ್ನು ಒಡೆಯದಂತೆ ಗಟ್ಟಿ ಮಾಡುವುದು. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ ಮಾತ್ರ. ಗುಳಿಗೆ ಕಾಯುತ್ತಿರುವುದು ಉಳಿದ ಎಲ್ಲ ಜಾಗಗಳನ್ನು.

ಕಷಾಯದಲ್ಲಿ ಇನ್ನೂ ಒಂದು ತೊಡಕಿದೆ. ಕಾಕುವಿಗೆ ಸಕ್ಕರೆ ಕಾಯಿಲೆ. ಮೂರು ಬಟ್ಟಲು ಜೇನು ಬೆರೆತದ್ದನ್ನು ‘ನಿನ್ನ ಎದಿಗೂ ಛಲೋ’ ಎಂದು ನೀವು ಅವಳಿಗೂ ಕೊಡುತ್ತಿದ್ದೀರಿ. ಅವಳು ನಿಮ್ಮ ಮಾತು ಮೀರುವವಳಲ್ಲ.

ಬೆಳ್ಳುಳ್ಳಿಯಿಂದ ಸಿಗುವಷ್ಟು ಸಿಗಲಿ ಎಂದರೂ, ನೀವು ತಿನ್ನುವ ಕ್ರಮದಲ್ಲಿ ಅದೂ ಸಿಗುವುದಿಲ್ಲ. ಇಡೀ ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಅಲಿಸಿನ್ ಮಾಡುವ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಶಭಾಗಗಳಲ್ಲಿ ಇರುತ್ತವೆ. ಕತ್ತರಿಸಿದಾಗ, ಜಜ್ಜಿದಾಗ, ಹಲ್ಲಿನಲ್ಲಿ ಅಗಿದಾಗ ಎರಡೂ ಕೂಡಿ ಕೆಲವೇ ಸೆಕೆಂಡುಗಳಲ್ಲಿ ಅಲಿಸಿನ್ ಹುಟ್ಟುತ್ತದೆ. ಎಸಳನ್ನು ಗುಳಿಗೆಯ ಹಾಗೆ ನೀರಿನೊಂದಿಗೆ ನುಂಗಿದರೆ ಜಠರದ ಆಮ್ಲ ಆ ಕಿಣ್ವವನ್ನೇ ಕೆಡಿಸುತ್ತದೆ. ಸಿಪ್ಪೆ ಸುಲಿದ ಕೂಡಲೇ ಕಾದ ಎಣ್ಣೆಗೆ ಹಾಕಿದರೂ ಹಾಗೆಯೇ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕಿದರೆ ಒಂದಿಷ್ಟು ಉಳಿಯುತ್ತದೆ. ಆಯಿ ಒಳಕಲ್ಲಿನಲ್ಲಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ, ರೊಟ್ಟಿ ಬಡಿದು ಮುಗಿಯುವ ತನಕ ಹಾಗೇ ಮುಚ್ಚಿಡುತ್ತಿದ್ದಳಲ್ಲ, ಅದು ನಿಮ್ಮ ನುಂಗುವ ಎಸಳಿಗಿಂತ ಎಷ್ಟೋ ಮೇಲು.

ಆದರೆ ಆ ಖಾರದಲ್ಲಿ ಉಪ್ಪೂ ಇತ್ತು. ನೀವು ಬಿಪಿಗೆಂದು ತಿನ್ನುವ ಬೆಳ್ಳುಳ್ಳಿ ಉಪ್ಪಿನಕಾಯಿ, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಪುಡಿ, ರಂಜಕ, ಇವುಗಳಲ್ಲೆಲ್ಲ ಉಪ್ಪು ಹೆಚ್ಚು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಚಹದ ಚಮಚದಲ್ಲಿ ಒಂದು. ನಮ್ಮ ತಾಟಿನಲ್ಲಿ ಸಾರು, ಪಲ್ಯ, ಮಜ್ಜಿಗೆ, ಹಪ್ಪಳ, ಉಪ್ಪಿನಕಾಯಿ ಸೇರಿ ಅದು ಮಧ್ಯಾಹ್ನವೇ ದಾಟುತ್ತದೆ. ಬೆಳ್ಳುಳ್ಳಿ ಹೃದಯಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಬಹುಶಃ ಇಲ್ಲೇ ಇದೆ, ಇದನ್ನು ಯಾರೂ ಸಂದೇಶ ಮಾಡಿ ಕಳಿಸುವುದಿಲ್ಲ. ಪುಂಡಿಪಲ್ಯಕ್ಕೋ ಮೆಂತ್ಯಪಲ್ಯಕ್ಕೋ ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು ಹೆಚ್ಚು ಹಾಕಿ, ಉಪ್ಪನ್ನು ಅರ್ಧಕ್ಕೆ ಇಳಿಸಿ ನೋಡಲು ಕಾಕುವಿಗೆ ಹೇಳಿ. ನಾಲಿಗೆಗೆ ಕೊರತೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಕಾಕಾ, ಸಿಟ್ಟಾಗಬೇಡಿ. ಹಸಿ ಬೆಳ್ಳುಳ್ಳಿ ತಿಂದ ಮೇಲೆ ಬಾಯಿಯ ವಾಸನೆ ಹೋಗಲೆಂದು ನೀವು ಎಲೆಅಡಿಕೆ ಹಾಕಿಕೊಳ್ಳುತ್ತೀರಿ. ಸುಣ್ಣದ ಮೇಲೆ ಚಿಟಿಕೆ ತಂಬಾಕನ್ನು ಹೆಬ್ಬೆರಳಿನಿಂದ ತೀಡಿ ಎಲೆಗೆ ಸೇರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಚಿಟಿಕೆಯ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರಿ ಎದೆಬಡಿತ ಏರಿಸುತ್ತದೆ, ನಾಳಗಳನ್ನು ಬಿಗಿಯುತ್ತದೆ, ಬಿಪಿ ಏರಿಸುತ್ತದೆ. ಬೆಳ್ಳುಳ್ಳಿ ಏನನ್ನು ಸಡಿಲಿಸಬೇಕೆಂದು ನೀವು ಬಯಸಿದಿರೋ ಅದನ್ನೇ ತಂಬಾಕು ಹಿಂಡುತ್ತದೆ. ನಿಮ್ಮ ಎದೆಗೆ ಅತಿ ದೊಡ್ಡ ಉಪಕಾರ ಮಾಡುವ ಒಂದೇ ಕೆಲಸ ಯಾವುದು ಎಂದು ಕೇಳಿದರೆ ನಾನು ತಂಬಾಕಿನ ಆ ಚಿಟಿಕೆಯನ್ನು ಬಿಡುವುದು ಎನ್ನುತ್ತೇನೆ. ಬೆಳ್ಳುಳ್ಳಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಗುಳಿಗೆ ಬಿಟ್ಟದ್ದಕ್ಕೆ ನಿಜವಾದ ಕಾರಣ ಬೇರೆ ಇರಬಹುದೆಂದು ನನಗೆ ಅನುಮಾನ. ಮೀನಖಂಡ ಹಿಡಿಯುತ್ತದೆ, ಮೆಟ್ಟಿಲು ಹತ್ತುವಾಗ ತೊಡೆ ನೋಯುತ್ತದೆ ಎಂದು ನೀವು ಕಾಕುವಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಸ್ಟಾಟಿನ್ ತೆಗೆದುಕೊಳ್ಳುವ ಕೆಲವರಿಗೆ ಸ್ನಾಯು ನೋವು ಬರುತ್ತದೆ, ಅದು ಸುಳ್ಳಲ್ಲ. ಅದಕ್ಕೆ ದಾರಿಗಳಿವೆ. ಪ್ರಮಾಣ ಇಳಿಸಬಹುದು, ಅದೇ ಜಾತಿಯ ಬೇರೆ ಗುಳಿಗೆಗೆ ಬದಲಿಸಬಹುದು, ಬೇರೆ ಬಗೆಯ ಔಷಧವನ್ನೂ ಕೊಡಬಹುದು. ಒಂದು ರಕ್ತ ಪರೀಕ್ಷೆ ಮಾಡಿ ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂದು ನೋಡಬಹುದು. ಡಾಕ್ಟರರಿಗೆ ಎದುರಾಡಿದ ಹಾಗಾಗುತ್ತದೆಂದು ನೀವು ಹೇಳಲಿಲ್ಲ. ಸುಮ್ಮನೆ ಗೀಟು ಹಾಕಿದಿರಿ. ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ‘ಹೂಂ’ ಅಂದು ಮನೆಗೆ ಬಂದು ತಮ್ಮದೇ ತೀರ್ಮಾನ ಮಾಡುವುದನ್ನು ನಾನು ಕೌಂಟರಿನ ಈಚೆ ನಿಂತು ದಿನವೂ ನೋಡುತ್ತೇನೆ. ತಪ್ಪು ಅವರೊಬ್ಬರದಲ್ಲ. ಎರಡು ನಿಮಿಷದಲ್ಲಿ ಒಬ್ಬ ರೋಗಿಯನ್ನು ನೋಡಿ ಮುಗಿಸಬೇಕಾದ ಕಡೆ ಮೀನಖಂಡದ ನೋವು ಹೇಳುವುದಕ್ಕೆ ಬಾಯಿ ಬರುವುದಾದರೂ ಹೇಗೆ? ಅದಕ್ಕೇ ಈ ಸಲ ಡಾಕ್ಟರರ ಹತ್ತಿರ ನಾನೂ ಜೊತೆಗೆ ಬರುತ್ತೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಇನ್ನೂ ದೊಡ್ಡ ಕಾರಣವೊಂದಿದೆ.

ನಮ್ಮ ಕಡೆ ಬೆಳ್ಳುಳ್ಳಿ ಹೃದಯದ ಔಷಧ ಆಗುವ ಮೊದಲು ಗ್ಯಾಸಿನ ಔಷಧ. ಹೊಟ್ಟೆ ಉಬ್ಬಿದರೆ ಕೆಂಡದಲ್ಲಿ ಬೆಳ್ಳುಳ್ಳಿ ಸುಟ್ಟು, ಉಪ್ಪು ಹಚ್ಚಿ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಟೇಲರ್ ಒಬ್ಬರಿದ್ದಾರೆ, ಐವತ್ತು ದಾಟಿದವರು. ಒಂದು ರಾತ್ರಿ ಊಟವಾದ ಮೇಲೆ ಎದೆ ನಡುವೆ ಕಲ್ಲು ಹೇರಿದಂಥ ನೋವು ಶುರುವಾಯಿತು. ‘ಗ್ಯಾಸ್ ಆಗೇತಿ’ ಎಂದರು ಮನೆಯವರು. ಸುಟ್ಟ ಬೆಳ್ಳುಳ್ಳಿ ಕೊಟ್ಟರು. ಸೋಡಾ ಕುಡಿಸಿದರು. ಬೆವರು ಅಂಗಿಯನ್ನೆಲ್ಲ ತೋಯಿಸಿತು, ಅದನ್ನು ಸೆಖೆ ಎಂದುಕೊಂಡರು. ಎಡಗೈ ಜೋಮು ಹಿಡಿದಾಗ ದಿನವಿಡೀ ಮಶೀನ್ ತುಳಿದದ್ದರ ದಣಿವು ಎಂದುಕೊಂಡರು. ಎಣ್ಣೆ ಹಚ್ಚಿ ತಿಕ್ಕಿದರು. ಬೆಳಗಾದ ಮೇಲೆ ಅವರ ಮಗ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾಯುತ್ತ ಗ್ಯಾಸಿನ ಗುಳಿಗೆಗೆಂದು ನಿಂತಿದ್ದ. ಏನಾಗುತ್ತಿದೆ ಎಂದು ಕೇಳಿ ನಾನೇ 108ಕ್ಕೆ ಫೋನ್ ಮಾಡಿದೆ. ಜೀವ ಉಳಿಯಿತು. ಹೃದಯದ ಸ್ನಾಯುವಿನ ದೊಡ್ಡದೊಂದು ಭಾಗ ಆ ರಾತ್ರಿಯೇ ಸತ್ತುಹೋಗಿತ್ತು. ಈಗ ಅವರು ಮಶೀನ್ ತುಳಿಯಲಾರರು. ಕಾಜ, ಗುಂಡಿ ಹಾಕುತ್ತ ಕೂರುತ್ತಾರೆ, ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳಲು ಸೂಜಿ ಕೆಳಗಿಡುತ್ತಾರೆ.

ಬೆಳ್ಳುಳ್ಳಿ ಅವರಿಗೆ ಕೆಡುಕು ಮಾಡಲಿಲ್ಲ. ಅದನ್ನು ಕೊಟ್ಟು ‘ಇನ್ನು ಆರಾಮ ಆಗುತ್ತದೆ’ ಎಂದು ಕಾದರಲ್ಲ, ಆ ಕಾಯುವಿಕೆ ಮಾಡಿತು. ಅದೇ ಓಣಿಯಿಂದ ತಾಲ್ಲೂಕು ಆಸ್ಪತ್ರೆ ಹತ್ತು ನಿಮಿಷದ ದಾರಿ. ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರದ ಹೃದಯಜ್ಯೋತಿ ಯೋಜನೆ ಇದೆ. ಅದರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅದು. ಮೊದಲ ಗಂಟೆ, ಎರಡನೆಯ ಗಂಟೆಯಲ್ಲಿ ಸಿಕ್ಕರೆ ಅದರ ಗುಣ ಹೆಚ್ಚು. ತಡವಾದಷ್ಟೂ ಕಡಿಮೆ. ನಿಮ್ಮ ಸಂದೇಶ ಹೋಗುವ ಗುಂಪುಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ?

ಗೊತ್ತು ಮಾಡಿಸುವ ಶಕ್ತಿ ನಿಮಗಿದೆ. ನಾನು ಹೇಳಿದರೆ ‘ಅಂಗಡಿಯಾಕಿ, ಗುಳಿಗಿ ಮಾರಾಕ ಹೇಳ್ತಾಳ’ ಎನ್ನುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ. ಮೂವತ್ತೆರಡು ವರ್ಷ ಅವರ ಮಕ್ಕಳಿಗೆ ಮಗ್ಗಿ ಕಲಿಸಿದವರು ನೀವು. ಹಾಗಾಗಿ ಇಷ್ಟು ಬರೆದು ಕಳಿಸಿ: ಎದೆಯಲ್ಲಿ ಭಾರ, ಬಿಗಿತ, ದವಡೆಗೋ ಕೈಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಉಬ್ಬಸ, ಇವುಗಳಲ್ಲಿ ಯಾವುದು ಬಂದರೂ ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ತೆಗೆಸಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಬ್ಬಸ ಬರಬಹುದು ಎಂಬುದನ್ನೂ ಸೇರಿಸಿ. ಕಾಕುವಿಗೂ ಓದಿ ಹೇಳಿ. ಗ್ಯಾಸೇ ಆಗಿದ್ದರೆ ಇಸಿಜಿ ಮಾಡಿಸಿದ್ದರಿಂದ ಯಾರ ಮಾನವೂ ಹೋಗುವುದಿಲ್ಲ.

ಬೆಳ್ಳುಳ್ಳಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. 2024ರಲ್ಲಿ ಕಿಲೋಗೆ 400 ರೂಪಾಯಿ ದಾಟಿದಾಗಲೂ ನಮ್ಮ ಮನೆಗಳಲ್ಲಿ ಅದಿಲ್ಲದೆ ಖಾರ ಕುಟ್ಟಲಿಲ್ಲ. ಊಟದಲ್ಲಿ ಎಷ್ಟು ರುಚಿಸುತ್ತದೋ ಅಷ್ಟು ತಿನ್ನಿ. ಬರಿಹೊಟ್ಟೆಯ ಹಸಿ ಎಸಳು ಮಾತ್ರ ಬೇಡ, ಅದರಿಂದ ನಿಮಗೆ ಎದೆಯುರಿ ಬರುತ್ತಿರುವುದು ನಿಜ. ದಿನಾ ಎದೆ ಉರಿಯುವವನಿಗೆ ನಿಜವಾದ ನೋವು ಬಂದ ದಿನವೂ ಅದು ಎದೆಯುರಿಯೆಂದೇ ಕಾಣುತ್ತದೆ. ಬೆಳ್ಳುಳ್ಳಿಯ ಕ್ಯಾಪ್ಸೂಲೂ ಬೇಡ. ನನ್ನ ಅಂಗಡಿಯಲ್ಲಿ ಅವೂ ಇವೆ, ನಿಮ್ಮಂಥ ಚೀಟಿ ಇರುವವರಿಗೆ ಡಾಕ್ಟರರನ್ನು ಕೇಳದೆ ನಾನು ಕೊಡುವುದಿಲ್ಲ.

ಕಾರಣ ಹೇಳುತ್ತೇನೆ, ಇದು ತುರ್ತಿನ ಮಾತು. ಬೆಳ್ಳುಳ್ಳಿಯ ಅಲಿಸಿನ್‌ನಿಂದ ಅಜೋಯೀನ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಅದು ತಡೆಯುತ್ತದೆ. ಆಸ್ಪಿರಿನ್ನೂ ಕ್ಲೊಪಿಡೋಗ್ರೆಲ್ಲೂ ಮಾಡುವುದು ಅದನ್ನೇ. ಅಡುಗೆಯ ಬೆಳ್ಳುಳ್ಳಿಗೆ ಹೆದರಬೇಕಾದ್ದಿಲ್ಲ. ಹಸಿ ಎಸಳುಗಳನ್ನೋ ಕ್ಯಾಪ್ಸೂಲುಗಳನ್ನೋ ದಿನವೂ ಹೆಚ್ಚಾಗಿ ತೆಗೆದುಕೊಂಡರೆ ಮೂರೂ ಕೂಡಿ ರಕ್ತಸ್ರಾವ ನಿಲ್ಲುವುದು ಕಷ್ಟವಾಗಬಹುದು. 1990ರಲ್ಲಿ ಅಮೆರಿಕದ ವೈದ್ಯರು 87 ವರ್ಷದ ವೃದ್ಧರೊಬ್ಬರ ಬೆನ್ನುಹುರಿಯ ಸುತ್ತ ತಾನಾಗಿಯೇ ರಕ್ತ ಸೋರಿದ್ದನ್ನು ವರದಿ ಮಾಡಿದರು. ಅವರು ಬೆಳ್ಳುಳ್ಳಿಯನ್ನು ವಿಪರೀತ ತಿನ್ನುತ್ತಿದ್ದರು, ಕಿರುಬಿಲ್ಲೆಗಳು ಕೆಲಸ ಮಾಡುತ್ತಿರಲಿಲ್ಲ. ಆಪರೇಷನ್‌ಗೆ ವಾರ ಮೊದಲೇ ಬೆಳ್ಳುಳ್ಳಿಯ ಕ್ಯಾಪ್ಸೂಲು, ಸಾರಗಳನ್ನು ನಿಲ್ಲಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಮುಂದಿನ ವಾರ ನೀವು ದವಡೆಹಲ್ಲು ಕೀಳಿಸಲು ಹೊರಟಿದ್ದೀರಿ. ಹಲ್ಲಿನ ಡಾಕ್ಟರರಿಗೆ ಸ್ಟೆಂಟ್ ಹಾಕಿದ್ದನ್ನು ಹೇಳಿ, ಚೀಟಿ ತೋರಿಸಿ, ಬೆಳ್ಳುಳ್ಳಿ ಮತ್ತು ಕಷಾಯದ ವಿಷಯವನ್ನೂ ಮುಚ್ಚಿಡದೆ ಹೇಳಿ. ಆದರೆ ಹಲ್ಲಿಗೆಂದು ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ಗಳನ್ನು ನೀವಾಗಿ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಎಷ್ಟು ದಿನ ಬಿಡಬಹುದು, ಸ್ಟಾಟಿನ್‌ನ ಪ್ರಮಾಣ ಏನು, ಇದನ್ನು ಹೃದ್ರೋಗ ತಜ್ಞರೇ ಹೇಳಲಿ. ಸೋಮವಾರ ಬೆಳಿಗ್ಗೆ ಅವರ ಓಪಿಡಿಯ ಹೊತ್ತು. ಅಂಗಡಿಯನ್ನು ತಂಗಿಗೆ ಬಿಟ್ಟು ಏಳು ಗಂಟೆಗೆ ಗಾಡಿ ತರುತ್ತೇನೆ. ಹಳೆಯ ಆಂಜಿಯೋಗ್ರಾಮ್ ರಿಪೋರ್ಟು ಕಪಾಟಿನ ಮೇಲಿನ ಖಾನೆಯಲ್ಲಿದೆಯೆಂದು ಕಾಕು ಹೇಳಿದ್ದಾಳೆ, ತೆಗೆದಿಡಿ. ರಕ್ತ ಪರೀಕ್ಷೆ ಇರಬಹುದು, ಏನನ್ನೂ ತಿನ್ನದೆ ಬನ್ನಿ. ಎಸಳನ್ನೂ.

ಇಂತಿ ನಿಮ್ಮ ಪ್ರೀತಿಯ,
ಅಣ್ಣನ ಮಗಳು